ಆಪ್ತಸಲಹೆ ಪ್ರಕರಣ: ನಾಲ್ವರು ದಾಂಡೇಲಿಗೆ ಹೋದರು

ನನ್ನ ಬಳಿ ಆಪ್ತಸಲಹೆಗೆ ಬಂದ ಒಬ್ಬರ ಪ್ರಕರಣ ಇದು. ಹೆಸರು, ಕಸುಬು, ಮನೆಯ ವಿವರ ಎಲ್ಲವನ್ನೂ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ, ಬರೆದದ್ದನ್ನು ಓದಿಯೂ ಇದ್ದಾರೆ. ದಾವಣಗೆರೆ ಸೀಮೆಯವರು ಎಂಬುದನ್ನು ಮಾತ್ರ ಹಾಗೇ ಉಳಿಸಿಕೊಂಡಿದ್ದೇನೆ, ಏಕೆಂದರೆ ಅವರ ಮಾತು ಬೇರೆ ಸೀಮೆಯ ಕನ್ನಡದಲ್ಲಿ ನಿಲ್ಲುವುದಿಲ್ಲ. ಇಲ್ಲಿ ಅವರನ್ನು ಪ್ರಕಾಶ್ ಎಂದು ಕರೆಯುತ್ತೇನೆ.

ವಯಸ್ಸು 46. ಪೈಪು, ನಲ್ಲಿ, ಫಿಟಿಂಗ್ ಸಾಮಾನಿನ ಹಾರ್ಡ್‌ವೇರ್ ಅಂಗಡಿ. ಮನೆಯಲ್ಲಿ ಹೆಂಡತಿ, ಪಿಯುಸಿ ಓದುವ ಮಗಳು. ಎದೆ ಹಿಂಡಿದಂತಾಗುತ್ತದೆ, ರಾತ್ರಿ ನಿದ್ದೆ ಇಲ್ಲ ಎಂದು ಮೊದಲು ಹೋದದ್ದು ಫಿಜಿಷಿಯನ್ ಹತ್ತಿರ. ಇಸಿಜಿ, ಎಕೋ, ರಕ್ತಪರೀಕ್ಷೆ ಎಲ್ಲ ಆಯಿತು. ಹೃದಯಕ್ಕೆ ಏನೂ ಆಗಿಲ್ಲ ಎಂದು ಖಚಿತವಾದ ಮೇಲೆ ಆ ಡಾಕ್ಟರೇ ನನ್ನ ಬಳಿ ಕಳಿಸಿದರು. ಈ ಕ್ರಮ ಸರಿಯಾದದ್ದು. ಎದೆನೋವು ಎಂದವರಿಗೆ ‘ಟೆನ್ಷನ್ ಇರಬೇಕು ಬಿಡಿ’ ಎನ್ನುವ ಮೊದಲು ಎದೆಯನ್ನೇ ನೋಡಬೇಕು.

ಎದುರು ಕೂತವರು ಬಹಳ ಹೊತ್ತು ಅಂಗಡಿಯ ವ್ಯಾಪಾರ, ಜಿಎಸ್‌ಟಿ, ಮಗಳ ಸಿಇಟಿ ಕೋಚಿಂಗ್ ಎಂದು ಸುತ್ತು ಹಾಕಿದರು. ಕೊನೆಗೆ ಪಕ್ಕದಲ್ಲಿದ್ದ ಹೆಂಡತಿಯೇ ಬಾಯಿಬಿಟ್ಟರು. ‘ಇವರ ದೋಸ್ತರು ಇವರನ್ನ ಬಿಟ್ಟು ದಾಂಡೇಲಿಗೆ ಹೋಗಿಬಂದ್ರು ಮೇಡಂ. ಅವತ್ತಿಂದ ಹಿಂಗೆ.’ ಪ್ರಕಾಶ್ ಮುಖ ಕೆಂಪಾಯಿತು. ‘ಏಯ್, ಅದೇನು ದೊಡ್ಡದಲ್ಲ ಬಿಡು’ ಎಂದು ಗದರಿದರು. ಗದರಿದ ದನಿ ಅರ್ಧಕ್ಕೇ ಒಡೆಯಿತು.

ನಡುವಯಸ್ಸಿನ ಗಂಡಸರಲ್ಲಿ ನಾನು ಕಾಣುವ ಮೊದಲ ತೊಡಕು ಇದೇ. ಹೆಂಡತಿ ತವರಿಗೆ ಹೋದಳೆಂದು, ಮಗ ಮಾತು ಕೇಳುವುದಿಲ್ಲವೆಂದು ಅಳಬಹುದು. ಗೆಳೆಯರು ಕರೆಯಲಿಲ್ಲ ಎಂದು ಅಳುವುದಕ್ಕೆ ಅವರಿಗೆ ಪರವಾನಗಿ ಇಲ್ಲ. ಅದು ಮಕ್ಕಳ ಜಗಳ, ಹೈಸ್ಕೂಲಿಗೇ ಮುಗಿಯಬೇಕಾದದ್ದು ಎಂದುಕೊಂಡಿರುತ್ತಾರೆ. ಹಾಗಾಗಿ ನೋವಿನ ಮೇಲೆ ನೋವು ಪಟ್ಟದ್ದರ ನಾಚಿಕೆಯೂ ಬಂದು ಕೂರುತ್ತದೆ, ವಿಷಯ ಇಸಿಜಿಯವರೆಗೆ ಹೋಗುತ್ತದೆ.

ಐದು ಜನರ ಗುಂಪು. ಡಿಗ್ರಿ ಕಾಲೇಜಿನ ಬೆಂಚಿನಲ್ಲಿ ಶುರುವಾದ ಸ್ನೇಹಕ್ಕೆ ಇಪ್ಪತ್ತೈದು ವರ್ಷ ದಾಟಿದೆ. ಒಬ್ಬರು ವಕೀಲರು, ಒಬ್ಬರು ಹೈಸ್ಕೂಲು ಮೇಷ್ಟ್ರು, ಒಬ್ಬರದು ಅಡಿಕೆ ವ್ಯಾಪಾರ, ಇನ್ನೊಬ್ಬರು ಕಟ್ಟಡದ ಕಾಂಟ್ರಾಕ್ಟರ್. ವಾರದಲ್ಲಿ ಒಂದೆರಡು ಸಂಜೆ ಮಂಡಕ್ಕಿ-ಮಿರ್ಚಿ, ಭಾನುವಾರ ಬೆಳಿಗ್ಗೆ ಬೆಣ್ಣೆದೋಸೆ, ವರ್ಷಕ್ಕೊಮ್ಮೆ ಟ್ರಿಪ್ಪು. ಒಬ್ಬರ ಮಕ್ಕಳ ನಾಮಕರಣಕ್ಕೆ ಮತ್ತೊಬ್ಬರು ಓಡಾಡಿದವರು, ಒಬ್ಬರ ಅಪ್ಪನ ಮಣ್ಣಿಗೆ ಉಳಿದವರು ಹೆಗಲು ಕೊಟ್ಟವರು. ಪ್ರಕಾಶ್ ಅವರಿಗೆ ಸ್ವಂತ ಅಣ್ಣನ ಜೊತೆ ಮಾತಿಲ್ಲ. ಮನೆ-ಜಮೀನು ಪಾಲಾದಾಗ ನಿಂತುಹೋದ ಮಾತು. ‘ಇವರೇ ನನಗೆ ಅಣ್ಣತಮ್ಮಂದಿರು ಅನ್ಕೊಂಡಿದ್ದೆ ಮೇಡಂ’ ಎಂದರು. ಈ ಒಂದು ವಾಕ್ಯವನ್ನು ನಾನು ಫೈಲಿನಲ್ಲಿ ಅಡಿಗೆರೆ ಹಾಕಿ ಬರೆದುಕೊಂಡೆ.

ಮೂರ್ನಾಲ್ಕು ತಿಂಗಳಿಂದ ವಾಟ್ಸ್ಯಾಪ್ ಗುಂಪು ತಣ್ಣಗಾಗಿತ್ತು. ಭಾನುವಾರ ಬರ್ತೀರೇನ್ರೋ ಎಂದು ಹಾಕಿದರೆ ‘ಈ ವಾರ ಆಗಲ್ಲ ಕಣೋ’ ಎಂಬ ಉತ್ತರ, ಅದೂ ಎರಡು ಗಂಟೆ ಬಿಟ್ಟು. ಒಂದು ರಾತ್ರಿ ಊಟಕ್ಕೆ ಕೂತಾಗ ಮಗಳು ಫೋನು ತೋರಿಸಿದಳು. ವಕೀಲರ ಹೆಂಡತಿ ಸ್ಟೇಟಸ್ ಹಾಕಿದ್ದರು. ಕಾಳಿ ನದಿಯ ರಾಫ್ಟಿನಲ್ಲಿ ಲೈಫ್ ಜಾಕೆಟ್ ತೊಟ್ಟ ನಾಲ್ವರು. ‘ಅಪ್ಪಾ, ನೀನ್ಯಾಕೆ ಹೋಗಿಲ್ಲ?’

ಆಮೇಲಿನ ಹದಿನೈದು ದಿನ ಅವರು ಏನೇನು ಮಾಡಿದರು ಎಂಬುದನ್ನು ಗಂಡಹೆಂಡತಿ ಇಬ್ಬರಿಂದಲೂ ಬಿಡಿಸಿ ಬಿಡಿಸಿ ಕೇಳಿದೆ. ಏಕೆಂದರೆ ಪ್ರಕರಣದ ತಿರುಳು ಇರುವುದು ಇಲ್ಲೇ. ಆ ರಾತ್ರಿ ಗುಂಪಿಗೆ ‘ಸೂಪರ್ ಕಣ್ರೋ, ಮಸ್ತ್ ಎಂಜಾಯ್ ಮಾಡಿ’ ಎಂದು ಹೆಬ್ಬೆಟ್ಟು ಹಾಕಿದರು. ಮೂರು ಗಂಟೆವರೆಗೆ ಎಚ್ಚರವಿದ್ದು ಹಳೇ ಮೆಸೇಜುಗಳನ್ನು ಮೇಲಿಂದ ಕೆಳಗೆ ಓದಿದರು, ತಪ್ಪು ಎಲ್ಲಿ ಆಯಿತು ಎಂದು ಹುಡುಕಿದರು. ಎರಡು ದಿನ ಬಿಟ್ಟು ನಾಲ್ವರ ಮನೆಗೂ ಒಂದೊಂದು ಬಾಕ್ಸ್ ಆಪೂಸು ಮಾವಿನಹಣ್ಣು ಕಳಿಸಿದರು. ಒಬ್ಬರು ‘ಥ್ಯಾಂಕ್ಸ್’ ಎಂದರು, ಮೂವರಿಂದ ನೀಲಿ ಗೆರೆ ಮಾತ್ರ. ಅದೇ ರಾತ್ರಿ ಸ್ಟೇಟಸ್ಸಿನಲ್ಲಿ ಹಾಲೆರೆದ ಕೈಯನ್ನೇ ಕಚ್ಚುವ ಹಾವಿನ ಮಾತು ಹಾಕಿ, ಯಾರ‍್ಯಾರು ನೋಡಿದರು ಎಂದು ಗಳಿಗೆಗೊಮ್ಮೆ ತೆಗೆದು ನೋಡಿದರು. ಅಡಿಕೆ ವ್ಯಾಪಾರಿಗೆ ಫೋನು ಮಾಡಿ ಕೂಗಾಡಿದರು, ಮರುದಿನ ಬೆಳಿಗ್ಗೆ ಅವರ ಮನೆಬಾಗಿಲಿಗೇ ಹೋಗಿ ಕ್ಷಮೆ ಕೇಳಿದರು. ಸಾರಿಗೆ ಉಪ್ಪು ಹೆಚ್ಚಾಯಿತೆಂದು ತಟ್ಟೆ ತಳ್ಳಿದರು, ಮಗಳು ಎದ್ದು ಹೋದಳು. ಅಂಗಡಿಯಲ್ಲಿ ಅರ್ಧ ಇಂಚಿನ ಎಲ್ಬೋ ಕೇಳಿದವರಿಗೆ ಮುಕ್ಕಾಲು ಇಂಚಿನದು ಕೊಟ್ಟು, ಪ್ಲಂಬರ್ ವಾಪಸು ತಂದು ‘ಏನ್ ಸಾವ್ಕಾರ್ರೇ, ಹುಷಾರಿಲ್ವಾ’ ಎಂದು ಕೇಳುವಂತಾಯಿತು. ಇಪ್ಪತ್ತು ವರ್ಷದಿಂದ ಕಣ್ಣುಮುಚ್ಚಿ ಅಳತೆ ಹೇಳುತ್ತಿದ್ದ ಮನುಷ್ಯ. ಸಂಜೆ ಶಟರ್ ಎಳೆದ ಮೇಲೆ ಗೋಡೌನಿನಲ್ಲಿ ಒಬ್ಬರೇ ಕುಡಿಯುವುದೂ ಶುರುವಾಗಿತ್ತು.

ಹೆಂಡತಿಗೆ ದಿಗಿಲು ಹುಟ್ಟಿಸಿದ್ದು ಕುಡಿತವಲ್ಲ. ‘ಬೆಳಿಗ್ಗೆ ಹಣ್ಣು ಕಳಿಸ್ತಾರೆ, ರಾತ್ರಿ ಬೈತಾರೆ. ಮತ್ತೆ ಬೆಳಿಗ್ಗೆ ಕಾಲಿಗೆ ಬೀಳ್ತಾರೆ. ತಲೆ ಸರಿ ಐತಾ ಅಂತ ನೋಡ್ರಿ ಮೇಡಂ.’

ತಲೆ ಸರಿಯಾಗಿಯೇ ಇತ್ತು, ಅದನ್ನು ಅವರಿಬ್ಬರಿಗೂ ಅಂದೇ ಹೇಳಿದೆ. ಹೊರಗಿಡಲ್ಪಟ್ಟವರು ಹೀಗೆ ಎರಡು ದಿಕ್ಕಿಗೆ ಎಳೆದಾಡುವುದನ್ನು ಮನಃಶಾಸ್ತ್ರ ಚೆನ್ನಾಗಿ ಬಲ್ಲದು. ಅಮೆರಿಕದ ಕಿಪ್ಲಿಂಗ್ ವಿಲಿಯಮ್ಸ್ ಎಂಬ ಮನಃಶಾಸ್ತ್ರಜ್ಞ ಒಮ್ಮೆ ಪಾರ್ಕಿನಲ್ಲಿ ಕೂತಿದ್ದಾಗ ಪಕ್ಕದಲ್ಲಿ ಬಂದು ಬಿದ್ದ ಫ್ರಿಸ್ಬಿಯನ್ನು ಇಬ್ಬರು ಅಪರಿಚಿತರತ್ತ ಎಸೆದರು. ಅವರು ವಾಪಸು ಎಸೆದರು, ಸ್ವಲ್ಪ ಹೊತ್ತು ಮೂವರೂ ಆಡಿದರು, ಆಮೇಲೆ ಇದ್ದಕ್ಕಿದ್ದಂತೆ ಇವರತ್ತ ಎಸೆಯುವುದನ್ನೇ ಬಿಟ್ಟರು. ಗುರುತೇ ಇಲ್ಲದವರು, ಮತ್ತೆ ಸಿಗದವರು, ಆದರೂ ಅದು ಚುಚ್ಚಿತು. ಅದನ್ನೇ ಅವರು ಪ್ರಯೋಗವಾಗಿ ಬೆಳೆಸಿದರು. ಕಂಪ್ಯೂಟರಿನಲ್ಲಿ ಮೂವರು ಚೆಂಡು ಎಸೆದಾಡುವ ‘ಸೈಬರ್‌ಬಾಲ್’ ಆಟದಲ್ಲಿ ಒಬ್ಬರಿಗೆ ಕೆಲವು ಸಲದ ನಂತರ ಚೆಂಡೇ ಬರುವುದಿಲ್ಲ. 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಂತರ್ಜಾಲದ ಮೂಲಕ 62 ದೇಶಗಳ 1,486 ಜನ ಹೀಗೆ ಆಡಿದ್ದರು. ಚೆಂಡು ಬಾರದವರ ಮನಸ್ಸು ಕುಗ್ಗಿತ್ತು. 2004ರ ಮುಂದಿನ ಪ್ರಯೋಗದಲ್ಲಿ, ಎದುರಿಗಿರುವುದು ಮನುಷ್ಯರಲ್ಲ, ಬರೀ ಕಂಪ್ಯೂಟರ್ ಎಂದು ಮೊದಲೇ ತಿಳಿಸಿದರೂ ಅದೇ ಕುಗ್ಗು ಕಂಡಿತು.

ಇದನ್ನು ಪ್ರಕಾಶ್ ಅವರಿಗೆ ಹೇಳಿದಾಗ ಬಹಳ ಹೊತ್ತು ಸುಮ್ಮನಿದ್ದು, ‘ಹಂಗಾದ್ರೆ ನನ್ನದು ಹುಡುಗಾಟಿಕೆ ಅಲ್ಲ ಅಂತೀರಾ’ ಎಂದರು. ಅಲ್ಲ. ಕಂಪ್ಯೂಟರಿನ ಚೆಂಡು ಬರಲಿಲ್ಲವೆಂದು ಮನಸ್ಸು ಮುದುಡುವುದಾದರೆ, ಅಪ್ಪನ ಚಟ್ಟ ಹೊತ್ತವರು ಬಿಟ್ಟುಹೋದಾಗ ಎದೆ ಹಿಂಡದೆ ಇರುತ್ತದೆಯೇ?

ವಿಲಿಯಮ್ಸ್ ಅವರ ಪ್ರಕಾರ ಹೊರಗಿಡುವಿಕೆ ನಾಲ್ಕು ಅಗತ್ಯಗಳಿಗೆ ಒಟ್ಟಿಗೇ ಪೆಟ್ಟು ಕೊಡುತ್ತದೆ. ನಾನು ಯಾರಿಗೋ ಸೇರಿದವನು ಎಂಬ ಭಾವ, ನನಗೊಂದು ಬೆಲೆ ಇದೆ ಎಂಬ ಭಾವ, ನನ್ನ ಬದುಕು ನನ್ನ ಹಿಡಿತದಲ್ಲಿದೆ ಎಂಬ ಭಾವ, ನಾನು ಇರುವುದು ಬೇರೆಯವರ ಲೆಕ್ಕಕ್ಕೆ ಬರುತ್ತದೆ ಎಂಬ ಭಾವ. ಮೊದಲೆರಡನ್ನು ಮರಳಿ ಪಡೆಯಲು ಹೊರಟವರು ಓಲೈಸುತ್ತಾರೆ, ಬೇಡುತ್ತಾರೆ, ಖರ್ಚು ಮಾಡುತ್ತಾರೆ. ಕೊನೆಯ ಎರಡನ್ನು ಪಡೆಯಲು ಹೊರಟವರು ಕೆಣಕುತ್ತಾರೆ, ಕೂಗುತ್ತಾರೆ, ಸ್ಟೇಟಸ್ ಹಾಕುತ್ತಾರೆ. ಬೈದರೆ ಬೈಯಲಿ, ನಾನಿದ್ದೇನೆ ಎಂದು ಅವರಿಗೆ ಗೊತ್ತಾಗಲಿ ಎಂಬ ಹಟ ಅದು. ಪ್ರಕಾಶ್ ಒಂದೇ ವಾರದಲ್ಲಿ ನಾಲ್ಕನ್ನೂ ಪಡೆಯಲು ಹೆಣಗಿದರು. ಮಾವಿನಹಣ್ಣು ಮೊದಲೆರಡಕ್ಕೆ, ಹಾವಿನ ಸ್ಟೇಟಸ್ಸು ಕೊನೆಯೆರಡಕ್ಕೆ. ಎರಡೂ ಒಂದೇ ಗಾಯದಿಂದ ಬಂದವು. ಕಷ್ಟವೆಂದರೆ ಒಂದು ಮಾಡಿದ ಕೆಲಸವನ್ನು ಇನ್ನೊಂದು ಕೆಡಿಸುತ್ತದೆ. ಹಣ್ಣು ತಿಂದವರು ಸ್ಟೇಟಸ್ಸು ನೋಡಿ ‘ನೋಡಿದ್ಯಾ, ಇವನ ಬುದ್ಧಿ’ ಎನ್ನುತ್ತಾರೆ. ಬಿಟ್ಟದ್ದಕ್ಕೆ ಅವರಿಗೆ ಆಗ ಕಾರಣ ಸಿಗುತ್ತದೆ, ಮೊದಲು ಕಾರಣ ಇರಲಿ ಇಲ್ಲದಿರಲಿ.

ಎಲ್ಬೋ ಅಳತೆ ತಪ್ಪಿದ್ದಕ್ಕೂ ವಿವರಣೆ ಇದೆ. ಮನಃಶಾಸ್ತ್ರಜ್ಞ ರಾಯ್ ಬಾಮೈಸ್ಟರ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ‘ಮುಂದೆ ನೀವು ಒಂಟಿಯಾಗಿ ಉಳಿಯುತ್ತೀರಿ’ ಎಂದು ಹೇಳಿಸಿಕೊಂಡವರು ಯೋಚಿಸಿ ಬಿಡಿಸಬೇಕಾದ ಪ್ರಶ್ನೆಗಳಲ್ಲಿ ಹಿಂದೆ ಬಿದ್ದರು. ಎದೆ ಹಿಂಡಿದ್ದರ ಬಗ್ಗೆಯೂ ಪ್ರಕಾಶ್ ಕೇಳಿದರು. 2003ರಲ್ಲಿ ನವೋಮಿ ಐಸೆನ್‌ಬರ್ಗರ್ ಅವರ ತಂಡ ಅದೇ ಚೆಂಡಿನ ಆಟವನ್ನು ಮಿದುಳಿನ ಸ್ಕ್ಯಾನಿನೊಳಗೆ ಆಡಿಸಿ, ಮೈನೋವಿನ ಸಂಕಟದಲ್ಲಿ ಚುರುಕಾಗುವ ಭಾಗವೊಂದು ಹೊರಗಿಟ್ಟಾಗಲೂ ಚುರುಕಾಗುತ್ತದೆ ಎಂದು ತೋರಿಸಿತು. ಆ ಭಾಗ ಬೇರೆ ಅನೇಕ ಕೆಲಸಗಳಲ್ಲೂ ಚುರುಕಾಗುತ್ತದೆ, ಹಾಗಾಗಿ ಎರಡೂ ಒಂದೇ ನೋವು ಎಂದು ತೀರ್ಮಾನಿಸುವುದು ಅವಸರ ಎಂಬ ವಾದವೂ ಇದೆ. ನೋವಿನ ಮಾತ್ರೆ ನುಂಗಿದರೆ ಮನಸ್ಸಿನ ನೋವೂ ಇಳಿಯುತ್ತದೆ ಎಂದು ಎಲ್ಲೋ ಓದಿ ದಿನಾ ಮಾತ್ರೆ ತೆಗೆದುಕೊಳ್ಳುವವರನ್ನು ಕಂಡಿದ್ದೇನೆ. ದಯವಿಟ್ಟು ಬೇಡ. ಅದರ ಮೇಲೆ ಕುಡಿತವೂ ಸೇರಿದರೆ ಲಿವರಿಗೆ ಹೊಡೆತ.

ಸಾಯುವ ಯೋಚನೆ ಬಂದಿದೆಯೇ ಎಂದು ನೇರವಾಗಿಯೇ ಕೇಳಿದೆ, ಹೆಂಡತಿಯನ್ನು ಹೊರಗೆ ಕೂರಲು ಹೇಳಿ. ‘ಸಾಯ್ಬೇಕು ಅಂತಿಲ್ಲ. ಆದ್ರೆ ನಾನು ಇಲ್ದಿದ್ರೂ ಯಾರಿಗೂ ಗೊತ್ತಾಗಲ್ಲ ಅನ್ಸುತ್ತೆ.’ ಇವೆರಡರ ನಡುವೆ ಅಂತರವಿದೆ, ಆದರೆ ದೂರ ಹೆಚ್ಚಿಲ್ಲ. ಆ ಅನ್ನಿಸಿಕೆ ಬಲವಾದರೆ ಯಾರಿಗೆ ಹೇಳಬೇಕು ಎಂದು ಬರೆಸಿಕೊಂಡೆ. ಮೊದಲು ಹೆಂಡತಿಗೆ, ಆಮೇಲೆ ನನಗೆ, ಹೊತ್ತಲ್ಲದ ಹೊತ್ತಿನಲ್ಲಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ. ಹಗಲು ರಾತ್ರಿ ಎನ್ನದೆ ಉಚಿತವಾಗಿ, ಕನ್ನಡದಲ್ಲೇ ಮಾತಾಡುತ್ತಾರೆ. ಕುಡಿತ ಮತ್ತು ನಿದ್ದೆಯ ವಿಷಯಕ್ಕೆ ಒಮ್ಮೆ ಮನೋವೈದ್ಯರನ್ನು ಕಾಣಲೂ ಹೇಳಿದೆ. ಮಾತ್ರೆ ಬೇಕೋ ಬೇಡವೋ ಎನ್ನುವುದು ಅವರು ನಿರ್ಧರಿಸಬೇಕಾದದ್ದು.

ಇನ್ನು ಕೊಟ್ಟ ಸಲಹೆ. ಮೊದಲ ಕೆಲಸ ಮನೆಯಲ್ಲಿ ಎಂದೆ. ದೋಸ್ತರ ಮೇಲಿನ ಸಿಟ್ಟಿಗೆ ತಟ್ಟೆ ತಳ್ಳಿಸಿಕೊಂಡವಳು ಮಗಳು, ಅದೂ ಫೋಟೊ ತೋರಿಸಿದ್ದು ತನ್ನದೇ ತಪ್ಪು ಎಂದುಕೊಂಡ ಮಗಳು. ಪ್ರಕಾಶ್ ಆ ಸಂಜೆಯೇ ಅವಳ ಹತ್ತಿರ ಕೂತು ‘ನನಗೆ ಬೇಜಾರಾಗಿತ್ತು, ನಿನ್ನ ಮೇಲೆ ಹಾಕಿದೆ, ತಪ್ಪಾಯ್ತು ಕಣಮ್ಮ’ ಎಂದರಂತೆ. ನಾನು ಹೇಳಿಕೊಟ್ಟ ಮಾತಿಗಿಂತ ಅದು ಚೆನ್ನಾಗಿತ್ತು.

ಎರಡನೆಯದು ಫೋನು. ಗುಂಪಿನಿಂದ ಹೊರಬೀಳಬೇಡಿ, ಬ್ಲಾಕ್ ಮಾಡಬೇಡಿ, ಅವೆರಡೂ ಮತ್ತೊಂದು ಸ್ಟೇಟಸ್ಸೇ. ಮ್ಯೂಟ್ ಮಾಡಿ, ನಾಲ್ವರ ಮತ್ತು ಅವರ ಮನೆಯವರ ಸ್ಟೇಟಸ್ ಕಾಣದಂತೆ ಮಾಡಿ. ರಾತ್ರಿ ಎಂಟರ ನಂತರ ಅವರಿಗೆ ಏನನ್ನೂ ಕಳಿಸಕೂಡದು, ಒಳ್ಳೆಯದನ್ನೂ ಕೆಟ್ಟದ್ದನ್ನೂ. ಕಳಿಸಲೇಬೇಕು ಎನ್ನಿಸಿದ್ದನ್ನು ಅಂಗಡಿಯ ಕಚ್ಚಾ ಪುಸ್ತಕದಲ್ಲಿ ಬರೆದು ಬೆಳಿಗ್ಗೆ ಓದಿ. ಅದೇ ಪುಸ್ತಕದ ಹಾಳೆಯನ್ನು ನಡುವೆ ಗೆರೆ ಎಳೆದು, ಎಡಕ್ಕೆ ನಡೆದದ್ದು, ಬಲಕ್ಕೆ ನಾನು ಅಂದುಕೊಂಡದ್ದು ಎಂದು ಬರೆಯಲು ಹೇಳಿದೆ. ವ್ಯಾಪಾರಿಗೆ ಜಮಾ-ಖರ್ಚಿನ ಹಾಳೆ ಬೇಗ ಕೈಹಿಡಿಯುತ್ತದೆ. ಮುಂದಿನ ಭೇಟಿಗೆ ತಂದ ಹಾಳೆಯಲ್ಲಿ ಎಡಕ್ಕೆ ಒಂದೇ ಸಾಲು: ‘ನಾಲ್ವರು ದಾಂಡೇಲಿಗೆ ಹೋದರು. ನನಗೆ ಹೇಳಲಿಲ್ಲ.’ ಬಲಕ್ಕೆ ಹಾಳೆ ಸಾಲದೆ ಹಿಂಬದಿಗೂ ಹೋಗಿತ್ತು. ನಾನು ಬೋರು. ನನ್ನ ಹತ್ರ ದುಡ್ಡಿದೆ ಅಂತ ಇಷ್ಟು ವರ್ಷ ಇಟ್ಕೊಂಡಿದ್ರು. ಊರೆಲ್ಲ ನಗ್ತಿದೆ. ಅಣ್ಣನಿಗೂ ಗೊತ್ತಾಗಿ ಖುಷಿಪಟ್ಟಿರ್ತಾನೆ.

ಈ ಕೊನೆಯ ಸಾಲನ್ನು ಅವರೇ ಬೆರಳಿಟ್ಟು ತೋರಿಸಿದರು. ಕೊಲಂಬಿಯಾ ವಿಶ್ವವಿದ್ಯಾಲಯದ ಜೆರಾಲ್ಡಿನ್ ಡೌನಿ ಇದರ ಮೇಲೆ ತೊಂಬತ್ತರ ದಶಕದಿಂದ ಕೆಲಸ ಮಾಡಿದ್ದಾರೆ. ಹಿಂದೆ ಒಮ್ಮೆ ತಳ್ಳಿಸಿಕೊಂಡವರು ಮುಂದೆಯೂ ತಳ್ಳಿಯಾರು ಎಂದು ಕಾಯುತ್ತಿರುತ್ತಾರೆ, ಎರಡು ಗಂಟೆ ತಡವಾದ ಉತ್ತರದಲ್ಲೂ ಅದನ್ನೇ ಕಾಣುತ್ತಾರೆ, ಕಂಡ ಕೂಡಲೇ ಅಳತೆ ಮೀರಿ ಉತ್ತರಿಸುತ್ತಾರೆ. ಪ್ರಕಾಶ್ ಅವರಿಗೆ ಗೆಳೆಯರ ಗಾಯದ ಕೆಳಗೆ ಅಣ್ಣನ ಗಾಯ ಇತ್ತು. ಅಣ್ಣನ ವಿಷಯದಲ್ಲಿ ಅವರು ಕೂಗುವುದನ್ನೂ ಬೇಡುವುದನ್ನೂ ಎಂದೋ ನಿಲ್ಲಿಸಿದ್ದರು. ಬಹಳ ಕಾಲ ಹೊರಗುಳಿದವರು ಹೋಗಿ ನಿಲ್ಲುವ ಕೊನೆಯ ಹಂತ ಅದು, ಕೈಚೆಲ್ಲಿ ಕೂರುವುದು. ಗೆಳೆಯರ ವಿಷಯದಲ್ಲೂ ಅಲ್ಲಿಗೆ ಜಾರಬಾರದು ಎಂಬುದೇ ನನ್ನ ಚಿಂತೆಯಾಗಿತ್ತು.

ಬಲಬದಿಯ ಯಾವ ಸಾಲು ನಿಜ ಎಂದು ತಿಳಿಯಲು ಕೇಳುವುದೊಂದೇ ದಾರಿ. ಆದರೆ ನಾಲ್ವರನ್ನೂ ಒಟ್ಟಿಗೆ ಕೇಳಿದರೆ ಅದು ಪಂಚಾಯಿತಿಯಾಗುತ್ತದೆ, ಗುಂಪು ತನ್ನನ್ನು ತಾನು ಸಮರ್ಥಿಸಿಕೊಳ್ಳುತ್ತದೆ. ಒಬ್ಬರನ್ನೇ ಆರಿಸಿ, ಎದುರಾಬದುರು, ಹಗಲಿನಲ್ಲಿ, ಕುಡಿಯದೆ ಕೇಳಿ ಎಂದೆ. ಅವರು ಮೇಷ್ಟ್ರನ್ನು ಆರಿಸಿದರು. ಕೇಳಬೇಕಾದ ಮಾತನ್ನು ಇಬ್ಬರೂ ಕೂತು ಹೊಂದಿಸಿದೆವು: ‘ನನ್ನನ್ನ ಬಿಟ್ಟು ಹೋಗಿದ್ದು ನನಗೆ ಬಹಳ ನೋವಾಯ್ತು. ಜಗಳಕ್ಕೆ ಬಂದಿಲ್ಲ. ನನ್ನಿಂದ ಏನಾದ್ರೂ ಆಗಿದ್ರೆ ಹೇಳು, ಕೇಳಿಸ್ಕೊಂತೀನಿ.’ ಆಮೇಲೆ ಸುಮ್ಮನಾಗಬೇಕು. ಈ ಸುಮ್ಮನಾಗುವುದನ್ನು ನನ್ನ ಕೋಣೆಯಲ್ಲೇ ಅಭ್ಯಾಸ ಮಾಡಿಸಿದೆ. ನಾನು ಮೇಷ್ಟ್ರಾದೆ. ಮೊದಮೊದಲು ನಾನು ಬಾಯಿ ತೆರೆಯುವ ಮುಂಚೆಯೇ ಅವರು ‘ಅಲ್ಲ, ನಾನೇನ್ ಮಾಡಿದ್ದೆ’ ಎಂದು ಶುರುಮಾಡಿಬಿಡುತ್ತಿದ್ದರು.

ಕುಂದವಾಡ ಕೆರೆ ಏರಿಯ ಮೇಲೆ ಭೇಟಿಯಾದರು. ಮೇಷ್ಟ್ರು ಮೊದಲು ತಪ್ಪಿಸಿಕೊಳ್ಳಲು ನೋಡಿ, ಕೊನೆಗೆ ಹೇಳಿದರು. ಕಾಂಟ್ರಾಕ್ಟರ್ ಗೆಳೆಯ ಎರಡು ವರ್ಷದ ಹಿಂದೆ ಪ್ರಕಾಶ್ ಹತ್ತಿರ ಒಂದೂವರೆ ಲಕ್ಷ ಕೈಗಡ ತೆಗೆದುಕೊಂಡಿದ್ದರು, ಬಿಲ್ಲು ಆಗದೆ ವಾಪಸು ಕೊಡಲಾಗಿರಲಿಲ್ಲ. ಒಂದು ಭಾನುವಾರ ದೋಸೆ ಹೋಟೆಲಿನಲ್ಲಿ, ಅವರ ಮಗ ಪಕ್ಕದಲ್ಲಿದ್ದಾಗಲೇ, ಪ್ರಕಾಶ್ ‘ಬಿಲ್ಲು ಇವನೇ ಕೊಡ್ಲಿ ಬಿಡ್ರಲೇ, ಬಡ್ಡಿಗೆ ಮುರ್ಕೊಂತೀನಿ’ ಎಂದು ನಕ್ಕಿದ್ದರು. ಎಲ್ಲರೂ ನಕ್ಕಿದ್ದರು. ಆಮೇಲೆ ಕಾಂಟ್ರಾಕ್ಟರ್ ಉಳಿದವರಿಗೆ ‘ಅವನು ಬರೋ ಕಡೆ ನಾನು ಬರಲ್ಲ’ ಎಂದಿದ್ದರು. ಯಾರೂ ಪ್ರಕಾಶ್‌ಗೆ ಹೇಳಲಿಲ್ಲ. ‘ಹೆಂಗೆ ಹೇಳೋದು ಅಂತ ಗೊತ್ತಾಗ್ಲಿಲ್ಲ ಕಣೋ’ ಎಂದರಂತೆ ಮೇಷ್ಟ್ರು.

ಇಲ್ಲಿ ನನ್ನ ನಿಲುವು ಸ್ಪಷ್ಟ. ಮಗನೆದುರು ಅಪ್ಪನ ಸಾಲ ಎತ್ತಿದ್ದು ತಪ್ಪು. ಅದನ್ನು ಅಂದೇ ಪಕ್ಕಕ್ಕೆ ಕರೆದು ಹೇಳದೆ, ತಿಂಗಳುಗಟ್ಟಲೆ ‘ಈ ವಾರ ಆಗಲ್ಲ’ ಎಂದು ಸಾಗಹಾಕಿದ್ದು ಅದಕ್ಕಿಂತ ದೊಡ್ಡ ತಪ್ಪು. ತಪ್ಪು ಏನೆಂದು ಗೊತ್ತಾದವನಿಗೆ ತಿದ್ದಿಕೊಳ್ಳಲು ಒಂದು ಜಾಗ ಇರುತ್ತದೆ. ಏನೂ ಹೇಳಿಸಿಕೊಳ್ಳದೆ ಹೊರಗುಳಿದವನಿಗೆ ತನ್ನ ಇಡೀ ಬದುಕೇ ತಪ್ಪಿನಂತೆ ಕಾಣುತ್ತದೆ. ಯಾರನ್ನಾದರೂ ಗುಂಪಿನಿಂದ ದೂರ ಇಡಲು ಹೊರಟವರು ಇದನ್ನು ಓದುತ್ತಿದ್ದರೆ, ಅಷ್ಟಾದರೂ ಮಾಡಿ, ಕಾರಣ ಹೇಳಿ.

ಕಾರಣ ತಿಳಿದ ಕೂಡಲೇ ಪ್ರಕಾಶ್ ಮತ್ತೆ ಮಾವಿನಹಣ್ಣಿನ ದಾರಿಗೇ ಬಂದರು. ‘ಒಂದೂವರೆ ಲಕ್ಷ ಬಿಟ್ಟುಬಿಡ್ತೀನಿ ಮೇಡಂ, ಎಲ್ಲಾ ಸರಿಹೋಗುತ್ತೆ.’ ಬೇಡ ಎಂದೆ, ಗಟ್ಟಿಯಾಗಿಯೇ. ಕ್ಷಮೆ ಬೇರೆ, ಸಾಲ ಬೇರೆ. ಹಣ ಬಿಟ್ಟು ಸ್ನೇಹ ತೆಗೆದುಕೊಂಡರೆ ನಾಳೆ ಅವರು ನಕ್ಕಾಗಲೆಲ್ಲ ಇದು ಹಣಕ್ಕೆ ಬಂದ ನಗುವೇ ಎಂಬ ಅನುಮಾನ ಉಳಿಯುತ್ತದೆ. ಕಾಂಟ್ರಾಕ್ಟರಿಗಂತೂ ಅದು ಎರಡನೆಯ ಅವಮಾನ. ಹಾಗಾಗಿ ಅವರು ಕಾಂಟ್ರಾಕ್ಟರ್ ಮನೆಗೆ ಹೋಗಿ ಹೋಟೆಲಿನ ಮಾತಿಗೆ ಮಾತ್ರ ಕ್ಷಮೆ ಕೇಳಿದರು, ಮಗನ ಎದುರಲ್ಲೇ. ಸಾಲದ ಕಂತನ್ನು ವಕೀಲ ಗೆಳೆಯ ಬೇರೆ ದಿನ ಕೂತು ಗೊತ್ತುಮಾಡಿದರು.

ಇದರ ಜೊತೆಗೇ ಇನ್ನೊಂದು ಕೆಲಸ ನಡೆಯುತ್ತಿತ್ತು. ಸೇರಿದ್ದೇನೆ ಎಂಬ ಭಾವವನ್ನು ಒಂದೇ ಗುಂಪಿನಲ್ಲಿ ಇಟ್ಟವರಿಗೆ ಆ ಗುಂಪು ಅಲುಗಾಡಿದರೆ ನಿಲ್ಲಲು ನೆಲ ಇರುವುದಿಲ್ಲ. ಹೊರಗಿಡಲ್ಪಟ್ಟವರಲ್ಲಿ ಹೊಸಬರ ಕಡೆಗೆ ಕೈಚಾಚುವ ಆಸೆ ಹೆಚ್ಚುತ್ತದೆ ಎಂದು 2007ರ ಅಧ್ಯಯನವೊಂದು ತೋರಿಸಿದೆ, ಆದರೆ ಹೊಸಬರೂ ನೂಕಿಯಾರು ಎಂಬ ಭಯ ಬಲವಾಗಿರುವವರಲ್ಲಿ ಅದು ಕಾಣಲಿಲ್ಲ. ಆದ್ದರಿಂದ ಸಣ್ಣದರಿಂದ ಶುರುಮಾಡಿಸಿದೆ. ಹೊಸ ಗೆಳೆಯರನ್ನು ಹುಡುಕಿ ಎನ್ನಲಿಲ್ಲ, ಒಂದೇ ಹೊತ್ತಿಗೆ ಒಂದೇ ಜಾಗಕ್ಕೆ ಹೋಗಿ ಎಂದೆ. ಬೆಳಿಗ್ಗೆ ಕೆರೆ ಏರಿಯ ವಾಕಿಂಗ್. ಮೊದಲು ತಲೆಯಾಡಿಸುವುದು, ಆಮೇಲೆ ಟೀ, ಆಮೇಲೆ ಒಬ್ಬ ನಿವೃತ್ತ ಎಂಜಿನಿಯರ್ ಜೊತೆ ನೀರಿನ ಪೈಪಿನ ಬಗ್ಗೆ ಮುಗಿಯದ ಮಾತು. ಕುಡಿತ ನಿಂತಿತು. ನಿದ್ದೆ ನಿಧಾನವಾಗಿ ಮರಳಿತು.

ಗುಂಪು ಮೊದಲಿನಂತಾಗಲಿಲ್ಲ. ಮೇಷ್ಟ್ರ ಜೊತೆಗಿನ ಸ್ನೇಹ ಮುಂಚಿಗಿಂತ ಗಟ್ಟಿಯಾಗಿದೆ. ವಕೀಲರು, ಅಡಿಕೆಯವರು ಸಿಕ್ಕಾಗ ಚೆನ್ನಾಗಿ ಮಾತಾಡುತ್ತಾರೆ. ಕಾಂಟ್ರಾಕ್ಟರಿಂದ ಕಂತು ತಪ್ಪದೆ ಬರುತ್ತಿದೆ. ‘ಫೋನ್‌ಪೇ ಬರುತ್ತೆ ಮೇಡಂ, ಮಾತು ಬರಲ್ಲ’ ಎಂದು ಪ್ರಕಾಶ್ ಹೇಳಿದಾಗ ಕಣ್ಣು ತುಂಬಿತ್ತು, ಆದರೆ ದನಿ ಒಡೆಯಲಿಲ್ಲ. ಅಣ್ಣನ ವಿಷಯವನ್ನು ಈಗ ಅವರೇ ಎತ್ತುತ್ತಾರೆ, ನಾನು ಅವಸರ ಮಾಡುತ್ತಿಲ್ಲ.

ಹೋದ ಸಲ ಬಂದಾಗ ಒಂದು ಪ್ರಶ್ನೆ ತಂದಿದ್ದರು. ಈ ವರ್ಷದ ಟ್ರಿಪ್ಪಿಗೆ ಕರೆದರೆ ಹೋಗಬೇಕೋ ಬೇಡವೋ? ಕರೆದವರು ಯಾರು ಎಂದು ನೋಡಿ ಎಂದೆ. ಮೇಷ್ಟ್ರು ಮಾತ್ರ ಕರೆದರೆ ಅವರೊಬ್ಬರ ಜೊತೆ ಬೇರೆ ಕಡೆ ಹೋಗಿ. ಕಾಂಟ್ರಾಕ್ಟರೂ ಒಪ್ಪಿ ಕರೆದಿದ್ದರೆ ಹೋಗಿ, ನಿಮ್ಮ ಪಾಲಿನ ಖರ್ಚನ್ನು ಮಾತ್ರ ಕೊಡಿ, ಉಳಿದವರದ್ದನ್ನು ಕೊಡಬೇಡಿ. ಕರೆಯದಿದ್ದರೆ ಆ ವಾರಕ್ಕೆ ಹೆಂಡತಿ ಮಗಳ ಜೊತೆ ಎಲ್ಲಿಗಾದರೂ ಈಗಲೇ ಟಿಕೆಟ್ ಮಾಡಿಸಿಡಿ, ಆ ಮೂರು ದಿನ ಯಾರ ಸ್ಟೇಟಸ್ಸನ್ನೂ ತೆರೆಯಬೇಡಿ. ‘ಮಗಳು ಹಂಪಿ ಅಂತಿದ್ಲು’ ಎಂದರು. ಅದನ್ನೇ ಮಾಡಿಸಿ ಎಂದೆ, ಅವರು ಕರೆದರೂ ಕರೆಯದಿದ್ದರೂ.